ಬಿಸಿಲಿಗೆ ಅಂತ ಹೋದವಳು ನೀರಿನ ಪಂಚಾಯ್ತಿ ನೋಡಿ ಬಂದೆ

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅಜ್ಜ ಮತ್ತೆ ಕೇಳಿದರು. "ಆ ಕರಿ ಅಂಗಿ ಹಾಕ್ಕಂಡು ಗುಡಿ ಮುಂದೆ ಕುಂತ್ಕಳ್ಳೋರ ಕತಿ ಇನ್ನೊಂದ್ಸಲ ಹೇಳವ್ವ."

ಇದು ಐದನೇ ಸಲವೋ ಆರನೇ ಸಲವೋ. ನಾನು ಪರದೇಶದಲ್ಲಿ ಕಂಡ ಬೇರೆ ಯಾವುದನ್ನೂ ಅವರು ಎರಡನೇ ಸಲ ಕೇಳಿಲ್ಲ. ಮಂಜು, ಮೆಟ್ರೋ, ದೊಡ್ಡ ದೊಡ್ಡ ಚರ್ಚು, ಎಲ್ಲಾ ಒಂದೊಂದು ಸಲ "ಹೌದಾ" ಅಂದು ಮುಗಿಸಿದ್ದಾರೆ. ಚರ್ಚಿನ ಬಾಗಿಲಲ್ಲಿ ಕೂತು ನೀರಿನ ನ್ಯಾಯ ಮಾಡುವ ರೈತರ ಈ ಕತೆಯೊಂದನ್ನು ಮಾತ್ರ ಬಿಡುತ್ತಿಲ್ಲ. ಹಾಗಾಗಿ ಪೂರ್ತಿಯಾಗಿ ಬರೆದಿಡೋಣ ಅನಿಸಿತು.

2024ರ ಮಾರ್ಚ್ ತಿಂಗಳ ಮಾತು. ಆಗ ನಾನು ಜರ್ಮನಿಯಲ್ಲಿ ಎಂಎಸ್ ಓದುತ್ತಿದ್ದೆ. ಅಲ್ಲಿ ಚಳಿಗಾಲದ ಸೆಮಿಸ್ಟರ್ ಫೆಬ್ರವರಿಗೆ ಮುಗಿಯುತ್ತದೆ, ಮುಂದಿನದು ಏಪ್ರಿಲ್‌ನಲ್ಲಿ ಶುರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಸೂರ್ಯ ಕಾಣೋದೇ ಅಪರೂಪ, ಡಿಸೆಂಬರ್‌ನಲ್ಲಂತೂ ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲಾಗಿರುತ್ತದೆ, ಹುಟ್ಟಿದಾಗಿನಿಂದ ದಾವಣಗೆರೆ ಬಿಸಿಲು ನೋಡಿದವಳಿಗೆ ಅದು ಎಷ್ಟು ಭಾರ ಅನಿಸುತ್ತದೆ ಅಂತ ಹೋಗುವ ಮುಂಚೆ ನನಗೆ ಗೊತ್ತಿರಲಿಲ್ಲ. ಮೈಯಷ್ಟೇ ಅಲ್ಲ, ಮನಸ್ಸೂ ಒದ್ದೆ ಬಟ್ಟೆ ತರ ಆಗುತ್ತದೆ. ಪರೀಕ್ಷೆ ಮುಗಿದ ಕೂಡಲೇ ಹಾಸ್ಟೆಲಿನ ಗೆಳತಿ, ಕೊಲಂಬಿಯಾದವಳು, ಸ್ಪೇನಿನ ವಲೆನ್ಸಿಯಾಗೆ ಹೋಗೋಣ ಅಂದಳು. ಟಿಕೆಟ್ ಕಡಿಮೆಗೆ ಸಿಕ್ಕಿತ್ತು. ಮೆಡಿಟರೇನಿಯನ್ ಸಮುದ್ರದ ದಂಡೆಯ ಊರು, ಬಿಸಿಲಿದೆ, ಅವಳಿಗೆ ಸ್ಪ್ಯಾನಿಷ್ ಬರುತ್ತದೆ. ಅಷ್ಟು ಸಾಕಿತ್ತು.

ಆದರೆ ಆ ವರ್ಷ ಮನೆಯ ಕಡೆ ಪರಿಸ್ಥಿತಿ ಚೆನ್ನಾಗಿರಲಿಲ್ಲ. 2023ರ ಮಳೆ ಕೈ ಕೊಟ್ಟಿತ್ತು. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿದ್ದರು. ಭದ್ರಾ ಡ್ಯಾಂ ತುಂಬಿರಲಿಲ್ಲ. ನಮ್ಮ ಕಡೆ ಡ್ಯಾಮಿನ ಲೆಕ್ಕ 186 ಅಡಿ, ಅಲ್ಲಿಗೆ ಡ್ಯಾಂ ಭರ್ತಿ. ಆ ನಂಬರು ಮುಟ್ಟಿತು ಅಂದರೆ ಮನೆಯಲ್ಲಿ ಮಾತಿನ ಧಾಟಿಯೇ ಬೇರೆ, ಮುಟ್ಟಲಿಲ್ಲ ಅಂದರೆ ಬೇರೆ. ನಮ್ಮ ಹೊಲ ಇರುವುದು ದಾವಣಗೆರೆಯಿಂದ ಹರಿಹರದ ಕಡೆಗೆ, ನಾಲೆಯ ಕೊನೆ ಭಾಗದಲ್ಲಿ. ಒಳ್ಳೆ ವರ್ಷದಲ್ಲೂ ನಮಗೆ ನೀರು ಬರೋದು ಕೊನೆಗೇ. ಮೇಲಿನವರದೆಲ್ಲ ಮುಗಿದು, ದಾರಿಯಲ್ಲಿ ನಾಲೆಗೆ ಪೈಪು ಇಳಿಸಿಕೊಂಡವರದೂ ಮುಗಿದು, ಉಳಿದರೆ ನಮ್ಮದು. ಆ ಬೇಸಿಗೆ ಅಜ್ಜ ಭತ್ತ ಹಾಕಿರಲಿಲ್ಲ. ಫೋನಿನಲ್ಲಿ "ಹೆಂಗಿದೀಯ ಅಜ್ಜ" ಅಂದರೆ "ಗದ್ದಿ ಖಾಲಿ ಬಿದ್ದೈತವ್ವ" ಅನ್ನೋರು. ಅವರನ್ನು ಕೇಳಿದರೆ ಅವರು ಗದ್ದೆಯ ವಿಷಯವನ್ನೇ ಹೇಳುತ್ತಿದ್ದರು, ಅಷ್ಟೆ.

ಆ ಮಾತು ಕಿವಿಯಲ್ಲಿ ಇಟ್ಟುಕೊಂಡೇ ನಾನು ವಲೆನ್ಸಿಯಾದಲ್ಲಿ ಇಳಿದೆ.

ಮೊದಲು ಸಿಕ್ಕಿದ್ದು ವಾಸನೆ. ಅಲ್ಲಿ ಬೀದಿ ಬದಿಯ ಮರಗಳೇ ಕಿತ್ತಳೆ. ಹುಳಿ ಜಾತಿಯದು, ಯಾರೂ ಕಿತ್ತು ತಿನ್ನಲ್ಲ. ಮಾರ್ಚ್‌ನಲ್ಲಿ ಅವು ಹೂ ಬಿಡುವ ಹೊತ್ತು. ಬಿಳಿ ಹೂ, ನಮ್ಮ ನಿಂಬೆ ಹೂವಿನ ಹತ್ತಿರದ ಘಮ, ಆದರೆ ಇನ್ನೂ ಸಿಹಿ. ಬಿಸಿಲು ಇಪ್ಪತ್ತೆರಡು ಇಪ್ಪತ್ಮೂರು ಡಿಗ್ರಿ ಇದ್ದೀತು. ದಾವಣಗೆರೆಯಲ್ಲಿ ಅದೇ ಹೊತ್ತಿಗೆ ಮೂವತ್ತೇಳು ಮೂವತ್ತೆಂಟು. ಊರಲ್ಲಿ ಬಿಸಿಲು ಅಂದರೆ ನೆರಳಿಗೆ ಓಡೋದು, ಇಲ್ಲಿ ನೆರಳು ಬಿಟ್ಟು ಬಿಸಿಲಿಗೆ ಬಂದು ಕಟ್ಟೆ ಮೇಲೆ ಕಣ್ಣು ಮುಚ್ಚಿ ಕೂತೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನ ಮುಚ್ಚಿಡಲ್ಲ.

ನಾವು ಹೋಗಿದ್ದು ಫಾಯಸ್ ಹಬ್ಬದ ಕೊನೆಯ ದಿನಗಳಿಗೆ. ಊರಿನ ಒಂದೊಂದು ಬಡಾವಣೆಗೆ ಒಂದೊಂದು ಸಮಿತಿ, ಎಲ್ಲಾ ಸೇರಿ ನಾನೂರರ ಹತ್ತಿರ. ವರ್ಷಪೂರ್ತಿ ದುಡ್ಡು ಕೂಡಿಸಿ ಬೀದಿ ಕೂಡುವ ಜಾಗದಲ್ಲಿ ದೊಡ್ಡ ದೊಡ್ಡ ಗೊಂಬೆಗಳನ್ನು ನಿಲ್ಲಿಸುತ್ತಾರೆ, ಕೆಲವು ನಾಲ್ಕೈದು ಮಹಡಿ ಎತ್ತರ. ಮಾರ್ಚ್ 19ರ ರಾತ್ರಿ ಅಷ್ಟನ್ನೂ ಸುಡುತ್ತಾರೆ. ಹಿಂದೆ ಬಡಗಿಗಳು ಚಳಿಗಾಲ ಮುಗಿದ ಮೇಲೆ ದೀಪ ತೂಗುಹಾಕುವ ಮರದ ಕಂಬಗಳನ್ನು, ಉಳಿದ ಕಟ್ಟಿಗೆಯನ್ನು ಬೀದಿಗೆ ತಂದು ಸುಡುತ್ತಿದ್ದರಂತೆ, ಅಲ್ಲಿಂದ ಬಂದ ಹಬ್ಬ ಅಂತ ಹೇಳುತ್ತಾರೆ. ನನಗಂತೂ ನಮ್ಮ ಓಣಿಯ ಕಾಮನೇ ಕಣ್ಣ ಮುಂದೆ ಬಂದ. ಕಟ್ಟಿಗೆ, ಕುಳ್ಳು ಕೂಡಿಸಿ ರಾತ್ರಿ ಕಾಮನ್ನ ಸುಡೋದು, ಹಲಗೆ ಬಾರಿಸೋದು, ಬೆಳಗ್ಗೆ ಬಣ್ಣ. ಆ ವರ್ಷ ಹೋಳಿ ಮಾರ್ಚ್ 25ಕ್ಕೆ ಇತ್ತು, ಅಂದರೆ ಎರಡು ಬೆಂಕಿಗೂ ಒಂದು ವಾರದ ಅಂತರವೂ ಇರಲಿಲ್ಲ. ಅದೇ ತಿಂಗಳು ಊರಲ್ಲಿ ದುಗ್ಗಮ್ಮನ ಜಾತ್ರೆ ಬೇರೆ. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ ತಪ್ಪಿಸಿಕೊಂಡಿದ್ದಕ್ಕೆ ಅವ್ವ ಫೋನಿನಲ್ಲಿ ಬೇಜಾರು ಮಾಡಿಕೊಂಡಿದ್ದಳು. ಮನೆ ತುಂಬಾ ನೆಂಟರು, ನೀನೊಬ್ಬಳೇ ಇಲ್ಲ ಅಂತ.

ದಿನಾ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಪುರಸಭೆ ಚೌಕದಲ್ಲಿ ಪಟಾಕಿ. ಅದಕ್ಕೆ ಮಾಸ್ಕ್ಲೆತಾ ಅಂತಾರೆ. ಹಗಲಲ್ಲಿ ಪಟಾಕಿ ಯಾಕೆ ಅಂತ ಅಂದುಕೊಂಡಿದ್ದೆ. ಅದು ನೋಡೋದಕ್ಕಲ್ಲ, ಕೇಳೋದಕ್ಕೆ. ಮೊದಲು ಬಿಡಿ ಬಿಡಿಯಾಗಿ, ಆಮೇಲೆ ತಾಳ ಹಿಡಿದ ಹಾಗೆ, ಕೊನೆಯಲ್ಲಿ ನೆಲವೇ ನಡುಗುತ್ತದೆ. ಸದ್ದು ಕಿವಿಯಲ್ಲಲ್ಲ, ಎದೆಯೊಳಗೆ ಕೇಳುತ್ತದೆ. ಬಾಯಿ ತೆರೆದುಕೊಂಡು ನಿಲ್ಲು, ಕಿವಿಗೆ ಒಳ್ಳೆಯದು ಅಂತ ಪಕ್ಕದ ಅಜ್ಜಿ ಸನ್ನೆ ಮಾಡಿ ತೋರಿಸಿದರು.

ಸುಡುವ ರಾತ್ರಿ ನಾವು ಒಂದು ಸಣ್ಣ ಬೀದಿಯಲ್ಲಿ ನಿಂತಿದ್ದೆವು. ಅಗ್ನಿಶಾಮಕದವರು ಅಕ್ಕಪಕ್ಕದ ಮನೆಗಳ ಗೋಡೆಗೆ ನೀರು ಹೊಡೆಯುತ್ತಿದ್ದರು. ಬೆಂಕಿ ಹತ್ತಿದ ಕೂಡಲೇ, ರೇಷ್ಮೆ ಲಂಗ ಹಾಕಿಕೊಂಡಿದ್ದ ಆ ಬಡಾವಣೆಯ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಗಣಪತಿ ಬಿಡುವಾಗ ನಮ್ಮ ಓಣಿಯ ಮಕ್ಕಳು ಅಳ್ತಾರಲ್ಲ, ಹಾಗೆ.

ಮಾರನೇ ದಿನ ಬೆಳಗ್ಗೆ ಬೀದಿ ಬೀದಿಯೂ ತೊಳೆದು ಸ್ವಚ್ಛ. ಜನ ಖಾಲಿ. ಆಗಲೇ ನನಗೆ ಆ ಊರು ನಿಜವಾಗಿ ಕಂಡಿದ್ದು.

ವಲೆನ್ಸಿಯಾದ ಮಧ್ಯೆ ಒಂದು ನದಿ ಇದೆ, ನೀರಿಲ್ಲ. ತೂರಿಯಾ ಅಂತ ಹೆಸರು. 1957ರ ಅಕ್ಟೋಬರ್ 14ರಂದು ಆ ನದಿ ಉಕ್ಕಿ ಊರೆಲ್ಲ ಮುಳುಗಿ, ಬಹಳ ಜನ ಸತ್ತರು. ಆಮೇಲೆ ಸರ್ಕಾರ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿತು, ಹೊಸ ಕಾಲುವೆ ತೋಡಿ. ಒಣಗಿದ ಹಳೇ ಪಾತ್ರದಲ್ಲಿ ದೊಡ್ಡ ಹೆದ್ದಾರಿ ಮಾಡುವ ಯೋಜನೆ ಇತ್ತು. ಊರಿನ ಜನ ಒಪ್ಪಲಿಲ್ಲ. ಈ ಪಾತ್ರ ನಮ್ಮದು, ನಮಗೆ ಇದು ಹಸಿರಾಗಿಯೇ ಬೇಕು ಅಂತ ಹಟ ಹಿಡಿದರು. ಈಗ ಅದು ಸುಮಾರು 9 ಕಿಲೋಮೀಟರ್ ಉದ್ದದ ತೋಟ. ಕಲ್ಲಿನ ಹಳೇ ಸೇತುವೆಗಳು ಹಾಗೇ ಇವೆ, ಅವುಗಳ ಕೆಳಗೆ ಹುಲ್ಲು, ಹುಡುಗರ ಫುಟ್‌ಬಾಲು, ಸೈಕಲ್ಲು, ಕಿತ್ತಳೆ ಮರ. ಆ ತುದಿಯಲ್ಲಿ ವಾಸ್ತುಶಿಲ್ಪಿ ಕಲಾತ್ರಾವಾ ಕಟ್ಟಿದ ಬಿಳೀ ಕಟ್ಟಡಗಳು, ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಜಾಗ. ನಾವೂ ತೆಗೆಸಿಕೊಂಡೆವು. ಆದರೆ ಸೇತುವೆ ಕೆಳಗೆ ನಡೆಯುವಾಗ ಮನಸ್ಸು ಪದೇ ಪದೇ ನಮ್ಮ ಗದ್ದೆಗೇ ಹೋಗುತ್ತಿತ್ತು. ನೀರಿಲ್ಲದ ನದಿ ನೋಡಿ ಖುಷಿಪಡುವ ಮನೆತನ ನಮ್ಮದಲ್ಲ.

ಮಾರುಕಟ್ಟೆ ಎದುರಿಗೆ ರೇಷ್ಮೆ ವ್ಯಾಪಾರದ ಹಳೇ ಭವನ ಇದೆ, ಹದಿನೈದನೇ ಶತಮಾನದ್ದು. ಹುರಿ ಹೊಸೆದ ಹಗ್ಗದ ಹಾಗೆ ತಿರುಚಿಕೊಂಡ ಕಲ್ಲಿನ ಕಂಬಗಳು. ಗೋಡೆಯ ಸುತ್ತ ಬಂಗಾರದ ಅಕ್ಷರದಲ್ಲಿ, ಮಾತಿನಲ್ಲಿ ಮೋಸ ಮಾಡದ, ಬಡ್ಡಿಗೆ ದುಡ್ಡು ಬಿಡದ ವ್ಯಾಪಾರಿಗೆ ಒಳ್ಳೇದಾಗುತ್ತದೆ ಅಂತ ಬರೆದಿದ್ದಾರೆ. ಮಂಡಿಪೇಟೆಯಲ್ಲಿ ಅಪ್ಪನ ಜೊತೆ ಭತ್ತದ ಲೆಕ್ಕಕ್ಕೆ ಕೂತಿದ್ದವಳಿಗೆ ಆ ಸಾಲು ಓದಿ ಸುಮ್ನೆ ಮುಂದೆ ಹೋಗೋಕೆ ಆಗಲಿಲ್ಲ.

ಊಟದ ವಿಷಯ ಹೇಳಲೇಬೇಕು. ಪಾಯೆಯ್ಯಾ ಅನ್ನುವ ಅಕ್ಕಿಯ ಅಡುಗೆ ಹುಟ್ಟಿದ್ದು ಈ ಸೀಮೆಯಲ್ಲೇ. ಊರಿಂದ ಹತ್ತು ಕಿಲೋಮೀಟರ್ ದಕ್ಷಿಣಕ್ಕೆ ಅಲ್ಬುಫೇರಾ ಅನ್ನುವ ದೊಡ್ಡ ಕೆರೆ, ಅದರ ಸುತ್ತ ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ಸಿಟಿ ಬಸ್ಸಲ್ಲೇ ಹೋಗಬಹುದು. ನಾವು ಹೋದಾಗ ಗದ್ದೆ ಒಣಗಿತ್ತು. ನನಗೆ ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಅವರದು ವರ್ಷಕ್ಕೆ ಒಂದೇ ಬೆಳೆ, ಮೇ ತಿಂಗಳಲ್ಲಿ ನೀರು ಕಟ್ಟಿ ಬಿತ್ತುತ್ತಾರೆ, ಸೆಪ್ಟೆಂಬರ್‌ಗೆ ಕೊಯ್ಲು. ಅದು ಬರದ ಒಣಗಲು ಅಲ್ಲ, ಕಾಲದ ಒಣಗಲು. ಮೂಲದ ಅಡುಗೆಗೆ ಕೋಳಿ, ಮೊಲ ಹಾಕುತ್ತಾರೆ, ನಾನು ತರಕಾರಿಯದು ತಿಂದೆ. ಅಗಲದ ಬಾಣಲಿಯಲ್ಲಿ ತೆಳ್ಳಗೆ ಹರಡಿ ಬೇಯಿಸೋದು, ಅಕ್ಕಿ ಹಾಕಿದ ಮೇಲೆ ಸೌಟು ಆಡಿಸುವ ಹಾಗಿಲ್ಲ. ತಳ ಹಿಡಿದ ಅನ್ನಕ್ಕೆ ಅಲ್ಲಿ ಪೈಪೋಟಿ, ಅದಕ್ಕೆ ಸೊಕರಾತ್ ಅಂತ ಬೇರೆ ಹೆಸರೇ ಇದೆ. ನಮ್ಮಜ್ಜಿ ಪಾತ್ರೆಯ ತಳ ಕೆರೆದು ಮೊಸರು ಹಾಕಿ ಕೊಡ್ತಿದ್ದಳಲ್ಲ, ಅದೇ. ಅಕ್ಕಿ ಮಾತ್ರ ನಮ್ಮ ಸೋನಾ ತರ ಅಲ್ಲ, ಗುಂಡಗೆ, ಗಿಡ್ಡ. ಬೊಂಬಾ, ಸೆನಿಯಾ ಅಂತ ತಳಿಗಳು.

ಇನ್ನೊಂದು, ಓರ್ಚಾತಾ. ತಣ್ಣಗಿನ ಬಿಳಿ ಪಾನಕ, ನೋಡೋಕೆ ಹಾಲಿನ ಹಾಗೆ. ಅದನ್ನು ಚೂಫಾ ಅನ್ನುವ ಸಣ್ಣ ಗಡ್ಡೆಯಿಂದ ತೆಗೆಯುತ್ತಾರೆ. ಗಿಡ ನೋಡಿದರೆ ನಮ್ಮ ಜೇಕಿನ ಜಾತಿಯದು! ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಕಿತ್ತರೂ ಮತ್ತೆ ಬರುವ ಜೇಕು ಕಳೆ ಇದೆಯಲ್ಲ, ಅದರ ಹತ್ತಿರದ ನೆಂಟ. ಅಜ್ಜ ಇದನ್ನು ಕೇಳಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಜೇಕು ಬಿತ್ತತಾರಾ?" ಅಂದರು.

ಈಗ ಅಜ್ಜ ಕೇಳುವ ಕತೆಗೆ, ಆ ಗುರುವಾರಕ್ಕೆ ಬರುತ್ತೇನೆ.

ನನ್ನ ಗೆಳತಿಗೆ ಆ ದಿನ ಸಮುದ್ರಕ್ಕೆ ಹೋಗುವ ಮನಸ್ಸಿತ್ತು. ನಾನೇ ಬಲವಂತ ಮಾಡಿ ನಿಲ್ಲಿಸಿದೆ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ವಲೆನ್ಸಿಯಾದ ದೊಡ್ಡ ಚರ್ಚಿನ ಬಾಗಿಲಲ್ಲಿ ನೀರಿನ ನ್ಯಾಯ ನಡೆಯುತ್ತದೆ ಅಂತ ಕ್ಲಾಸಿನಲ್ಲಿ ಒಂದು ಸಲ ಕೇಳಿದ್ದೆ. ಆ ಬಾಗಿಲಿಗೆ ಅಪೋಸ್ತಲರ ಬಾಗಿಲು ಅಂತ ಹೆಸರು. ಚೌಕದ ನಡುವಿನ ಕಾರಂಜಿಯಲ್ಲಿ ಒರಗಿ ಕೂತ ಒಬ್ಬ ಗಂಡಸಿನ ಮೂರ್ತಿ, ಅವನು ತೂರಿಯಾ ನದಿ. ಸುತ್ತ ಕೊಡದಿಂದ ನೀರು ಸುರಿಯುವ ಎಂಟು ಹೆಂಗಸರು, ಅವರು ಎಂಟು ನಾಲೆಗಳು. ಕ್ವಾರ್ತ್, ಬೆನಾಜೆರ್, ತೊರ್ಮೊಸ್, ಮಿಸ್ಲಾತಾ, ಮೆಸ್ತಾಯಾ, ಫವಾರಾ, ರಸ್ಕಾನ್ಯಾ, ರೊವೆಯಾ. ಇವು ನದಿಯಿಂದ ನೀರು ತಂದು ಊರಿನ ಸುತ್ತಲ ತೋಟಗಳಿಗೆ ಹಾಯಿಸುತ್ತವೆ. ಅರಬ್ಬರ ಆಳ್ವಿಕೆಯ ಕಾಲದಿಂದ ಬಂದ ಏರ್ಪಾಡು. 1238ರಲ್ಲಿ ಕ್ರೈಸ್ತ ರಾಜ ಜೌಮೆ ಆ ಊರನ್ನು ಗೆದ್ದ ಮೇಲೂ ನೀರಿನ ಕಟ್ಟಳೆಯನ್ನು ಹಾಗೇ ಬಿಟ್ಟ.

ಹನ್ನೆರಡಕ್ಕೆ ಆ ಚರ್ಚಿನ ಮಿಕಲೆತ್ ಗೋಪುರದ ಗಂಟೆ ಹೊಡೆಯಿತು. ಬಾಗಿಲ ಮುಂದೆ ಸಣ್ಣ ಕಬ್ಬಿಣದ ಬೇಲಿ, ಒಳಗೆ ಮರದ ಕುರ್ಚಿಗಳು ದುಂಡಗೆ. ಕರಿ ನಿಲುವಂಗಿ ಹಾಕಿದ ಎಂಟು ಜನ ಬಂದು ಕೂತರು. ವಕೀಲರಲ್ಲ, ಇಂಜಿನಿಯರ್‌ಗಳಲ್ಲ. ಒಂದೊಂದು ನಾಲೆಯ ರೈತರು ತಮ್ಮೊಳಗಿಂದಲೇ ಆರಿಸಿದ ಒಬ್ಬೊಬ್ಬ ರೈತ. ಸ್ವಂತ ಹೊಲ ಇರಬೇಕು, ತಾನೇ ಸಾಗುವಳಿ ಮಾಡುತ್ತಿರಬೇಕು, ಆಗಲೇ ಆ ಕುರ್ಚಿ. ಅವರ ಕೈ ನೋಡಿದೆ. ದೂರದಿಂದಲೂ ಗೊತ್ತಾಗುತ್ತಿತ್ತು.

ಕಾವಲಿನವನು ಎದ್ದು ನಿಂತು ಒಂದೊಂದೇ ನಾಲೆಯ ಹೆಸರು ಕೂಗಿದ. ಕ್ವಾರ್ತ್ ನಾಲೆಯ ಆರೋಪಿಗಳು ಯಾರಾದರೂ ಇದ್ದೀರಾ? ಸ್ವಲ್ಪ ಹೊತ್ತು ಮೌನ. ಮುಂದಿನ ನಾಲೆ. ಮತ್ತೆ ಮೌನ. ಎಂಟೂ ಹೆಸರು ಮುಗಿಯಿತು. ಆ ದಿನ ಯಾರ ಮೇಲೂ ದೂರು ಇರಲಿಲ್ಲ. ಎದ್ದರು, ಹೋದರು. ಐದಾರು ನಿಮಿಷದಲ್ಲಿ ಎಲ್ಲಾ ಮುಗಿದಿತ್ತು. ಪಕ್ಕದಲ್ಲಿದ್ದ ಪ್ರವಾಸಿಗಳು "ಇಷ್ಟೇನಾ" ಅನ್ನುವ ಹಾಗೆ ಮುಖ ಮಾಡಿಕೊಂಡು ಚದುರಿದರು.

ನನಗೆ ಕಾಲು ಕೀಳೋಕೆ ಆಗಲಿಲ್ಲ. ದೂರಿಲ್ಲದ ದಿನವೂ ಬಂದು ಕೂರ್ತಾರಲ್ಲ, ಅದು. ಪ್ರತಿ ವಾರ ಹೆಸರು ಕೂಗಿ, ಉತ್ತರಕ್ಕೆ ಕಾಯ್ತಾರಲ್ಲ, ಅದು. ನಮ್ಮ ಕಡೆ ನೀರು ಬರದಿದ್ದರೆ ಅಜ್ಜ ಯಾರ ಹತ್ತಿರ ಹೋಗಬೇಕು? ಒಂದು ಕಚೇರಿಗೆ ಹೋದರೆ ಇನ್ನೊಂದು ಕಚೇರಿ ತೋರಿಸ್ತಾರೆ, ಅಲ್ಲಿಗೆ ಹೋದರೆ ಸಾಹೇಬರು ಊರಲ್ಲಿಲ್ಲ, ಅರ್ಜಿಗೆ ಸೀಲು ಬೀಳುವ ಹೊತ್ತಿಗೆ ಸಸಿ ಕೆಂಪಾಗಿರುತ್ತದೆ. ಇಲ್ಲಿ ದೂರು ಬಾಯಿಮಾತಿನಲ್ಲೇ, ಅವರದೇ ಭಾಷೆಯಲ್ಲಿ. ಸರದಿ ಬಿಟ್ಟು ನೀರು ಹಾಯಿಸಿದವನು, ನಾಲೆ ಒಡೆದವನು, ತನ್ನ ನೀರು ಪಕ್ಕದವನ ಹೊಲಕ್ಕೆ ನುಗ್ಗಿಸಿದವನು, ಎಲ್ಲರೂ ಇದೇ ಬೇಲಿಯೊಳಗೆ ಬಂದು ನಿಲ್ಲಬೇಕು. ವಕೀಲರಿಲ್ಲ. ಆರೋಪಿ ಯಾವ ನಾಲೆಯವನೋ ಆ ನಾಲೆಯ ಪ್ರತಿನಿಧಿ ತೀರ್ಪಿನಲ್ಲಿ ಸೇರುವ ಹಾಗಿಲ್ಲ. ಅಲ್ಲೇ ತೀರ್ಮಾನ, ಅದರ ಮೇಲೆ ಅಪೀಲು ಇಲ್ಲ. 2009ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಂಜೆ ಅಜ್ಜನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. "ಕೊನೇ ಗದ್ದಿಗೆ ಮುಟ್ಟತ್ತಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಸಮುದ್ರ ಮತ್ತೆ ರದ್ದಾಯಿತು, ಗೆಳತಿ ಪಾಪ ಏನೂ ಅನ್ನಲಿಲ್ಲ. ರಸ್ಕಾನ್ಯಾ ನಾಲೆಯ ನೀರು ಹೋಗುವ ಅಲ್ಬೊರಾಯಾ ಕಡೆಗೆ ಮೆಟ್ರೋ ಹತ್ತಿದೆವು, ಚೂಫಾ ಬೆಳೆಯುವ ಊರೂ ಅದೇ. ಊರು ದಾಟಿದ ಕೂಡಲೇ ತೋಟ. ಈರುಳ್ಳಿ, ಆಲೂಗಡ್ಡೆ, ಸೊಪ್ಪಿನ ಮಡಿಗಳು ದಾರ ಹಿಡಿದು ಎಳೆದ ಹಾಗೆ. ಮೊಣಕಾಲೆತ್ತರದ ಕಾಲುವೆ, ಅಲ್ಲಲ್ಲಿ ಕೈಯಲ್ಲಿ ಎತ್ತುವ ಕಬ್ಬಿಣದ ತೂಬು. ಒಬ್ಬರು ವಯಸ್ಸಾದವರು ಈರುಳ್ಳಿ ಮಡಿಗೆ ನೀರು ತಿರುಗಿಸುತ್ತಾ ಇದ್ದರು. ನೀರು ಕಟ್ಟುವಾಗ ಅಜ್ಜ ನಿಲ್ಲುವ ಹಾಗೇ, ಹಿಡಿಕೆಗೆ ಎರಡೂ ಕೈ ಇಟ್ಟು, ಕಣ್ಣು ಮಡಿಯ ತುದಿಯಲ್ಲಿ. ನಾನು ಗೆಳತಿಯ ಕೈಲಿ ಕೇಳಿಸಿದೆ. ಬರ ಬಂದರೆ ಕೊನೆಯವರ ಗತಿ ಏನು?

ಅವರು ಬೆರಳಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ನಾಲೆಗೆ ಇಷ್ಟು ಲೀಟರ್ ಅಂತ ಇಲ್ಲ, ನದಿಯಲ್ಲಿ ಇದ್ದದ್ದರಲ್ಲಿ ಇಷ್ಟು ಪಾಲು ಅಂತ. ನದಿ ಅರ್ಧ ಆದರೆ ಎಲ್ಲರದೂ ಅರ್ಧ. ಮೇಲಿನವನದೂ, ಕೊನೆಯವನದೂ. ಆಮೇಲೆ ಸರದಿ. ಸರದಿ ಬಂದಾಗ ನಡುರಾತ್ರಿ ಆದರೂ ಎದ್ದು ಬರಬೇಕು. ಜಗಳ ಆಗಲ್ವಾ ಅಂತ ಕೇಳಿದ್ದಕ್ಕೆ, ಆಗುತ್ತದೆ, ಅದಕ್ಕೇ ಗುರುವಾರ ಇರೋದು ಅಂದರು. ಹೋಗುವಾಗ ಎರಡು ಹಸಿ ಈರುಳ್ಳಿ ಕಿತ್ತು ಕೈಗೆ ಕೊಟ್ಟರು.

ಅವರದೆಲ್ಲ ಸರಿ, ನಮ್ಮದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರ ನಾಲೆಗಳು ಚಿಕ್ಕವು, ನಮ್ಮ ಭದ್ರಾ ನಾಲೆ ಎಷ್ಟೋ ತಾಲ್ಲೂಕು ದಾಟಿ ಬರಬೇಕು. ನೀರನ್ನು ಹಂಚಿಕೊಳ್ಳುವ ಬುದ್ಧಿ ನಮ್ಮವರಿಗೇನು ಹೊಸದಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ ಹರಿಯುವ ಹಾಗೆ ಕಟ್ಟಿದ್ದಾರೆ, ಶಾಲೆಯಲ್ಲಿದ್ದಾಗ ಪ್ರವಾಸದಲ್ಲಿ ನಾವೆಲ್ಲ ನೋಡಿದ್ದೇ. ಸೂಳೆಕೆರೆಯಂಥ ಕೆರೆ ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ಇವತ್ತು ಕೊನೆ ಭಾಗದ ರೈತ ತನ್ನ ಪಾಲು ಎಷ್ಟು, ಯಾವಾಗ ಬರುತ್ತದೆ ಅಂತ ಎದೆ ತಟ್ಟಿ ಹೇಳೋ ಹಾಗಿಲ್ಲ. ಅದು ನನಗೆ ನೋವು.

ನಾನು ಓದು ಮುಗಿಸಿ ದಾವಣಗೆರೆಗೆ ಬಂದ ಮೇಲೆ, ಅದೇ 2024ರ ಅಕ್ಟೋಬರ್ 29ಕ್ಕೆ ವಲೆನ್ಸಿಯಾದ ಸುದ್ದಿ ಬಂತು. ಚಿವಾ ಅನ್ನುವ ಊರಿನಲ್ಲಿ ಎಂಟು ಗಂಟೆಯಲ್ಲಿ 491 ಮಿಲಿಮೀಟರ್ ಮಳೆ. ನಮ್ಮ ಕಡೆ ವರ್ಷಪೂರ್ತಿ ಬೀಳೋದರಲ್ಲಿ ಅರ್ಧಕ್ಕಿಂತ ಜಾಸ್ತಿ, ಒಂದೇ ದಿನ. ಇನ್ನೂರಕ್ಕೂ ಹೆಚ್ಚು ಜನ ಹೋದರು. 1957ರ ನಂತರ ತೋಡಿದ ಕಾಲುವೆ ಪಟ್ಟಣವನ್ನು ಉಳಿಸಿತು, ಅದರ ಆಚೆಗಿನ ಪಯ್‌ಪೊರ್ತಾದಂಥ ಊರುಗಳು ಕೆಸರಿನಲ್ಲಿ ಮುಳುಗಿದವು. ಟಿವಿಯಲ್ಲಿ ಕಾರುಗಳು ಒಂದರ ಮೇಲೊಂದು ಬಿದ್ದಿದ್ದು ತೋರಿಸುತ್ತಿದ್ದರು. ಅಜ್ಜ ಊಟ ಬಿಟ್ಟು ನೋಡುತ್ತಾ ಕೂತರು. "ಆ ಉಳ್ಳಾಗಡ್ಡಿ ಕೊಟ್ಟೋರು ಆರಾಮ ಇದಾರಾ?" ಅಂತ ಕೇಳಿದರು. ಅಲ್ಬೊರಾಯಾ ಉತ್ತರಕ್ಕಿದೆ, ಅಲ್ಲಿಗೆ ಅಂಥದ್ದೇನೂ ಆಗಿಲ್ಲ ಅಜ್ಜ ಅಂದೆ. ಆಮೇಲೇ ಅವರು ತಟ್ಟೆಗೆ ಕೈ ಹಾಕಿದ್ದು.

ಈಗ ಮತ್ತೆ ಮಾರ್ಚ್ ಬಂದಿದೆ. ಈ ಸಲ ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಟ್ಟಿದ್ದಾರೆ. ಗದ್ದೆಯಲ್ಲಿ ಭತ್ತ ಇದೆ. ನಮ್ಮ ತೂಬಿಗೆ ಮಾತ್ರ ನಾಲ್ಕು ದಿನದಿಂದ ನೀರಿರಲಿಲ್ಲ.

ಮೊನ್ನೆ ಕತೆ ಹೇಳುತ್ತಾ, ಕಾವಲಿನವನು ಹೆಸರು ಕೂಗುವ ಜಾಗಕ್ಕೆ ಬಂದಿದ್ದೆ. ಅಷ್ಟರಲ್ಲಿ ಅಜ್ಜನ ಫೋನು. ಪಕ್ಕದ ಹೊಲದವರು. "ನೀರು ಬಂತು ಕಣ್ರೀ, ಬೇಗ ಬರ್ರಿ." ರಾತ್ರಿ ಹತ್ತೂವರೆ. ಅಜ್ಜ ಕೈ ತೊಳೆದು, ಟಾರ್ಚು ತಗೊಂಡು, ಮೂಲೆಯಲ್ಲಿದ್ದ ಗುದ್ದಲಿ ಹೆಗಲಿಗೆ ಹಾಕಿಕೊಂಡರು. ನಾನೂ ಚಪ್ಪಲಿ ಮೆಟ್ಟಿಕೊಂಡೆ. ಬದುವಿನ ಮೇಲೆ ಹಿಂದೆ ಮುಂದೆ ನಡೆದೆವು, ಕತ್ತಲೆಯಲ್ಲಿ ನೀರಿನ ಸದ್ದು ಮೊದಲು ಕೇಳಿಸಿತು. ಅಜ್ಜ ತೂಬಿಗೆ ಅಡ್ಡ ಇಟ್ಟಿದ್ದ ಕಲ್ಲು ಸರಿಸಿ, ನೀರು ಮೊದಲನೇ ಮಡಿಗೆ ಇಳಿಯೋದನ್ನು ನೋಡಿ, ಟಾರ್ಚನ್ನು ನನ್ನ ಕೈಗೆ ಕೊಟ್ಟರು.

"ಹ್ಞಾಂ, ಮುಂದಕ್ಕೆ ಹೇಳು. ಎಂಟನೇ ನಾಲೆ ಹೆಸರು ಕೂಗಿದ ಮ್ಯಾಲೆ?"